ಮನೋವೈದ್ಯ ಗೋವಿಂದಸ್ವಾಮಿ

ಜಯನಗರದಿಂದ ಹೊರಟು ಹೊಸೂರು ರಸ್ತೆಯನ್ನು ಸೇರುವಲ್ಲಿ, ಲಕ್ಕಸಂದ್ರದ ಪಕ್ಕಕ್ಕೆ, ಮರಗಳ ನೆರಳಿನಲ್ಲಿ ಹರಡಿಕೊಂಡಿರುವ ವಿಶಾಲವಾದ ಆವರಣವೊಂದಿದೆ. ಇಂದು ಅದನ್ನು ನಿಮ್ಹಾನ್ಸ್ ಎನ್ನುತ್ತಾರೆ. ನನ್ನ ಬಾಲ್ಯದಲ್ಲಿ ಜನ ಅದನ್ನು ಕರೆಯುತ್ತಿದ್ದ ಹೆಸರು ಬೇರೆ. ಆ ಹೆಸರನ್ನು ಹೇಳುವಾಗ ದೊಡ್ಡವರು ದನಿ ತಗ್ಗಿಸುತ್ತಿದ್ದರು; ಹುಡುಗರಾದ ನಾವು ನಗುತ್ತಿದ್ದೆವು. ಅವರ ಪಿಸುಮಾತಿಗೂ ನಮ್ಮ ನಗುವಿಗೂ ಹಿಂದೆ ಇದ್ದದ್ದು ಒಂದೇ ಭಯವೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ನಾನು ಅಧ್ಯಾಪಕ ವೃತ್ತಿಯಲ್ಲಿದ್ದಾಗ ಒಮ್ಮೆ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಅಲ್ಲಿಯ ಮಿದುಳಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಸಂರಕ್ಷಿಸಿಟ್ಟ ಮಾನವ ಮಿದುಳನ್ನು ಸಂದರ್ಶಕರು ಕೈಯಲ್ಲಿ ಹಿಡಿದು ನೋಡುವ ಅವಕಾಶ ಅಲ್ಲುಂಟು. ತೂಕದಲ್ಲಿ ಒಂದೂವರೆ ಕಿಲೋ ಕೂಡ ಇಲ್ಲದ, ಅಕ್ರೋಟಿನ ತಿರುಳಿನಂತೆ ಎರಡು ಹೋಳಾಗಿರುವ ಆ ವಸ್ತು ಅಂಗೈಯ ಮೇಲೆ ಬಂದಾಗ ಗದ್ದಲದ ಹುಡುಗರೂ ಮೌನವಾದರು. ಎರಡು ಹೋಳುಗಳ ನಡುವೆ ಬಿಳಿಯ ಸೇತುವೆಯೊಂದು. ಸುಮಾರು 20 ಕೋಟಿ ನರತಂತುಗಳ ಕಟ್ಟು ಅದು. ಒಬ್ಬ ವಿದ್ಯಾರ್ಥಿನಿ ನನ್ನನ್ನು ಮೆಲ್ಲನೆ ಕೇಳಿದಳು, ದುಃಖವೆಂಬುದು ಇದರಲ್ಲಿ ಯಾವ ಪಾರ್ಶ್ವದಲ್ಲಿರುತ್ತದೆ ಎಂದು. ಹಿಂತಿರುಗುವಾಗ ಇನ್ನೊಬ್ಬ ಹುಡುಗ, ಈ ಸಂಸ್ಥೆಯನ್ನು ಕಟ್ಟಿದವರು ಯಾರು ಎಂದು ವಿಚಾರಿಸಿದ. ಎರಡಕ್ಕೂ ಅಂದು ನನ್ನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಎರಡನೆಯ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ಜೀವನವೃತ್ತಾಂತ ದೊರೆಯಿತು. ಅದನ್ನು ಅರಿಯುತ್ತ ಹೋದಂತೆ ಮೊದಲನೆಯ ಪ್ರಶ್ನೆಯೂ ಬೇರೊಂದು ರೂಪದಲ್ಲಿ ಎದುರಾಯಿತು. ಅದನ್ನೇ ವಾಚಕರ ಮುಂದೆ ಇಡುತ್ತಿದ್ದೇನೆ.

ಗೋವಿಂದಸ್ವಾಮಿಯವರು ಹುಟ್ಟಿದ್ದು 1904ರಲ್ಲಿ. ಅವರು ಬೆಳೆದು ಪ್ರಾಯಕ್ಕೆ ಬಂದ ಕಾಲ ಮೈಸೂರು ಸಂಸ್ಥಾನದಲ್ಲಿ ವಿದ್ಯೆಗೆ ಹೊಸ ಬಾಗಿಲುಗಳು ತೆರೆಯುತ್ತಿದ್ದ ಕಾಲ. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿತ್ತು. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ತಮ್ಮ ಮೈಸೂರಿನ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿ ಆಕಾಶವಾಣಿ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಹೆಸರುಗಳ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯುವ ಸಂಭವವಿರುವುದರಿಂದ ಇಷ್ಟು ಹೇಳಿದೆ. ಗೋಪಾಲಸ್ವಾಮಿಯವರು ಪ್ರಯೋಗಶಾಲೆಯ ಮನಶ್ಶಾಸ್ತ್ರಜ್ಞರು, ಗೋವಿಂದಸ್ವಾಮಿಯವರು ವೈದ್ಯರು. ಒಬ್ಬರದು ಆರೋಗ್ಯವಂತ ಮನಸ್ಸಿನ ಅಳತೆ, ಇನ್ನೊಬ್ಬರದು ನೊಂದ ಮನಸ್ಸಿನ ಶುಶ್ರೂಷೆ.

ವೈದ್ಯ ಪದವೀಧರರಾದ ಮೇಲೆ ಗೋವಿಂದಸ್ವಾಮಿಯವರು ಪರದೇಶಕ್ಕೆ ತೆರಳಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲೂ ಮನೋವೈದ್ಯವನ್ನು ಅಭ್ಯಾಸ ಮಾಡಿದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಗ ಆಚಾರ್ಯ ಪೀಠದಲ್ಲಿದ್ದವರು ಅಡಾಲ್ಫ್ ಮೇಯರ್. ರೋಗಿಯ ಬಾಳನ್ನು ಹುಟ್ಟಿದ ವರ್ಷದಿಂದ ಆರಂಭಿಸಿ ವರ್ಷವರ್ಷಕ್ಕೂ ಒಂದು ಪಟದ ಮೇಲೆ ಬರೆಯಿಸಿ, ದೇಹದ ಕಾಯಿಲೆಗಳನ್ನೂ ಮನೆಯ ಸುಖದುಃಖಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಶಿಷ್ಯರಿಗೆ ಕಲಿಸಿದ ಮಹನೀಯರು ಅವರು. ಮಿದುಳು ಬೇರೆ, ಮನಸ್ಸು ಬೇರೆ, ಸಂಸಾರ ಬೇರೆ ಎಂದು ವಿಂಗಡಿಸಿದರೆ ಮನುಷ್ಯನೇ ಕೈತಪ್ಪಿ ಹೋಗುತ್ತಾನೆ ಎಂಬುದು ಆ ಪಂಥದ ಸಾರ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಯೋಜನ ಬರುತ್ತದೆ.

ಹಿಂತಿರುಗಿದ ಅವರಿಗೆ ದೊರೆತ ಕರ್ಮಭೂಮಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ. ಇದರ ಮೂಲ 1840ರ ದಶಕಕ್ಕೆ ಹೋಗುತ್ತದೆ. ಮೊದಲು ಪೇಟೆಯ ಬಳಿ ಇದ್ದ ಹುಚ್ಚರ ಆಶ್ರಯ ಅದು. 1925ರಲ್ಲಿ ಅದರ ಹಳೆಯ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದರು. ಫ್ರಾಂಕ್ ನೊರೊನ್ಹಾ ಅವರ ಪರಿಶ್ರಮದಿಂದಲೂ ದಿವಾನ್ ಮಿರ್ಜಾ ಇಸ್ಮಾಯಿಲರ ಪ್ರೋತ್ಸಾಹದಿಂದಲೂ 1930ರ ದಶಕದಲ್ಲಿ ಹೊಸೂರು ರಸ್ತೆಯಲ್ಲಿ ಹೊಸ ಕಟ್ಟಡಗಳೆದ್ದವು. ಅಂದು ಅದು ಊರಾಚೆ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದೇ 1948ರಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಬಿ.ಟಿ.ಎಂ. ಬಡಾವಣೆಯಾಗಿ ಒಂದಾದದ್ದು ಇನ್ನೂ ಎಷ್ಟೋ ಕಾಲದ ಮೇಲೆ. ಸುತ್ತಲೂ ಹೊಲ, ಕೆರೆ, ತೋಪುಗಳಿದ್ದ ಆ ಎಡೆಯಲ್ಲಿ ನೊರೊನ್ಹಾ ಅವರ ಉತ್ತರಾಧಿಕಾರಿಯಾಗಿ ಗೋವಿಂದಸ್ವಾಮಿಯವರು ಕಾರ್ಯಭಾರ ವಹಿಸಿಕೊಂಡರು.

ಆಗ್ಗೆ ಮನೋವೈದ್ಯನ ಕೈಯಲ್ಲಿದ್ದ ಸಾಧನಗಳು ಎಷ್ಟು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಚಿತ್ತವಿಕಾರವನ್ನು ಇಳಿಸುವ ಔಷಧವೆಂಬುದು ಇರಲೇ ಇಲ್ಲ. ಇನ್ಸುಲಿನ್ ಚುಚ್ಚಿ ರೋಗಿಯನ್ನು ಗಾಢ ಮೂರ್ಛೆಗೆ ಒಯ್ದು ಮತ್ತೆ ಎಚ್ಚರಿಸುವುದೊಂದು. ಕಾರ್ಡಿಯಝಾಲ್ ಕೊಟ್ಟು ಸೆಳವು ಬರಿಸುವುದೊಂದು. 1938ರಲ್ಲಿ ರೋಮಿನಲ್ಲಿ ಆರಂಭವಾದ ವಿದ್ಯುತ್ ಚಿಕಿತ್ಸೆಯೊಂದು. ಇವು ಯಾವುದಕ್ಕೂ ಮಣಿಯದ ರೋಗಿ ವರ್ಷಗಟ್ಟಲೆ ಕೋಣೆಯಲ್ಲಿ ಚೀರುತ್ತ, ತನ್ನನ್ನು ತಾನೇ ಗಾಯಪಡಿಸಿಕೊಳ್ಳುತ್ತ, ಅನ್ನ ನೀರು ಬಿಟ್ಟು ಕೃಶವಾಗುತ್ತಿದ್ದ. ಇಡೀ ಭಾರತದಲ್ಲಿ ಮನೋರೋಗಿಗಳಿಗಾಗಿ ಇದ್ದ ಹಾಸಿಗೆಗಳು ಸುಮಾರು 10,000 ಎಂದು 1946ರ ಭೋರ್ ಸಮಿತಿಯ ವರದಿಯಿಂದ ತಿಳಿಯುತ್ತದೆ. ಅಂದಿನ ಜನಸಂಖ್ಯೆಯಾದರೋ ಸುಮಾರು 40 ಕೋಟಿ.

ಇಂಥ ನಿರುಪಾಯದ ಕಾಲದಲ್ಲಿ ಪೋರ್ಚುಗಲ್ ದೇಶದಿಂದ ಒಂದು ವಾರ್ತೆ ಹಬ್ಬಿತು. ಲಿಸ್ಬನ್ನಿನ ನರವೈದ್ಯ ಎಗಾಸ್ ಮೋನಿಜ್, ಶಸ್ತ್ರವೈದ್ಯ ಅಲ್ಮೇಡಾ ಲೀಮಾ ಅವರ ನೆರವಿನಿಂದ, 1935ರಲ್ಲಿ ತಲೆಬುರುಡೆಗೆ ರಂಧ್ರ ಮಾಡಿ ಮಿದುಳಿನ ಮುಂಭಾಗದ ಹಾಲೆಗಳಿಂದ ಒಳಕ್ಕೆ ಹೋಗುವ ಬಿಳಿಯ ತಂತುಗಳನ್ನು ತುಂಡರಿಸಿದ್ದರು. ಲ್ಯೂಕಾಟಮಿ ಎಂದು ಅದರ ಹೆಸರು. ಅದರ ಹಿಂದಿನ ತರ್ಕ ಹೀಗೆ: ಮಿದುಳಿನ ಒಳಗಿರುವ ಥಲಾಮಸ್ ಎಂಬ ಭಾಗದಿಂದ ಭಾವದ ಆವೇಗವು ಮುಂದಿನ ಹಾಲೆಗಳಿಗೆ ಏರುತ್ತದೆ, ಹಾಲೆಗಳು ಅದನ್ನು ಆಲೋಚನೆಯೊಡನೆ ಬೆಸೆಯುತ್ತವೆ, ರೋಗಿಯಲ್ಲಿ ಈ ಬೆಸುಗೆ ಬಿಗಿದು ಗಂಟಾಗಿ, ಒಂದೇ ಭಯದ ಸುತ್ತ ಚಿತ್ತ ತಿರುಗುತ್ತಿರುತ್ತದೆ, ಆದುದರಿಂದ ಗಂಟನ್ನು ಕತ್ತರಿಸಬೇಕು. 1949ರಲ್ಲಿ ಮೋನಿಜರಿಗೆ ನೊಬೆಲ್ ಬಹುಮಾನವೂ ಬಂದಿತು.

ನಮ್ಮ ದೇಶದಲ್ಲಿ ಈ ಶಸ್ತ್ರಕ್ರಿಯೆಯನ್ನು ಕೈಗೊಂಡ ಮೊದಲಿಗರಲ್ಲಿ ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಾಲಕೃಷ್ಣ ರಾಯರೂ ಸೇರುತ್ತಾರೆ. ಭಾರತೀಯ ರೋಗಿಗಳಲ್ಲಿ ಎರಡೂ ಪಾರ್ಶ್ವಗಳಿಗೆ ಮಾಡಿದ ಲ್ಯೂಕಾಟಮಿಯ ಬಗ್ಗೆ ಅವರಿಬ್ಬರೂ ಬರೆದ ಪ್ರಬಂಧ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯುದ್ಧದ ನಡುವೆ, ಬೆಂಗಳೂರಿನಿಂದ ಹೋದ ಪ್ರಬಂಧವೊಂದನ್ನು ಲೋಕದ ವೈದ್ಯರು ಓದಿದರೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಇದನ್ನು ತಿಳಿದ ದಿನ ನನಗೆ ಹೆಮ್ಮೆಗಿಂತ ಕಳವಳವೇ ಹೆಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಏಕೆಂದರೆ ಆ ಶಸ್ತ್ರಕ್ರಿಯೆಯ ಫಲವೇನೆಂಬುದು ಇಂದು ಲೋಕಕ್ಕೆಲ್ಲ ಗೊತ್ತು. ಎಷ್ಟೋ ರೋಗಿಗಳ ಉದ್ರೇಕ ಇಳಿಯಿತು, ಕೆಲವರು ಮನೆಗೂ ಹೋದರು. ಆದರೆ ಬಹುಮಂದಿಯಲ್ಲಿ ಉದ್ರೇಕದ ಜೊತೆಗೇ ಆಸ್ಥೆಯೂ ಹೋಯಿತು. ಒಂದು ಕೆಲಸವನ್ನು ಹಿಡಿದು ಕೊನೆಮುಟ್ಟಿಸುವ ಮನಸ್ಸು, ನಾಳೆಯ ಚಿಂತೆ, ಪಕ್ಕದವರ ಅಳುವಿಗೆ ತಿರುಗುವ ಕಣ್ಣು, ಇವೆಲ್ಲ ಮಂಕಾದವು. ಭಯದಿಂದ ಬಿಡುಗಡೆ ಕೊಡಲೆಂದು ಕತ್ತರಿಸಿದ ತಂತುವಿನಲ್ಲೇ ಲೋಕದ ಕಡೆಗಿನ ಲಕ್ಷ್ಯವೂ ಹರಿಯುತ್ತಿತ್ತು.

ಇದು ಹೇಗೆ ಎಂದು ನನಗೆ ಪುಸ್ತಕದಿಂದ ಅರ್ಥವಾಗಲಿಲ್ಲ. ಅರ್ಥವಾದದ್ದು ನನ್ನ ಅಣ್ಣನಿಂದ. ಅವನಿಗೆ ಎಪ್ಪತ್ತು ದಾಟಿದ ಮೇಲೆ ಮಿದುಳಿನ ಬಲಭಾಗಕ್ಕೆ ರಕ್ತ ಕಟ್ಟಿ ಲಕ್ವ ಹೊಡೆಯಿತು. ಮಾತು ನೆಟ್ಟಗಿತ್ತು, ಮೊದಲಿನಂತೆ ಹಾಸ್ಯವನ್ನೂ ಮಾಡುತ್ತಿದ್ದ. ಆದರೆ ಅವನ ಪಾಲಿಗೆ ಲೋಕದ ಎಡಭಾಗವೇ ಅಳಿಸಿಹೋಗಿತ್ತು. ತಟ್ಟೆಯ ಬಲಗಡೆಯ ಅನ್ನವನ್ನಷ್ಟೇ ಉಂಡು, ಅತ್ತಿಗೆ ಸಾಲದಷ್ಟು ಬಡಿಸಿದಳೆಂದು ಮುನಿಸಿಕೊಳ್ಳುತ್ತಿದ್ದ; ಆಕೆ ಮೌನವಾಗಿ ತಟ್ಟೆಯನ್ನು ಅರ್ಧಸುತ್ತು ತಿರುಗಿಸಿದರೆ ಉಳಿದದ್ದನ್ನೂ ಉಣ್ಣುತ್ತಿದ್ದ. ಕಣ್ಣಿಗೆ ದೋಷವಿಲ್ಲವೆಂದು ವೈದ್ಯರು ಹೇಳಿದರು, ದೋಷವಿದ್ದದ್ದು ಅವಧಾನದಲ್ಲಿ. ಮಿದುಳಿನ ಎಡ ಗೋಳಾರ್ಧ ಮುಖ್ಯವಾಗಿ ಬಲದಿಕ್ಕಿನ ಮೇಲೆ ಕಾವಲಿರುತ್ತದೆಂದೂ ಬಲ ಗೋಳಾರ್ಧ ಎರಡು ದಿಕ್ಕನ್ನೂ ಕಾಯುತ್ತದೆಂದೂ ನರವಿಜ್ಞಾನಿಗಳಲ್ಲಿ ಬಹುಮಂದಿಯ ಅಭಿಪ್ರಾಯ. ಆದುದರಿಂದ ಎಡಭಾಗ ಕೆಟ್ಟರೆ ಬಲಭಾಗ ಹೇಗೋ ನಿಭಾಯಿಸುತ್ತದೆ. ಬಲಭಾಗ ಕೆಟ್ಟರೆ ಎಡದಿಕ್ಕಿಗೆ ಕಾವಲುಗಾರನೇ ಇಲ್ಲವಾಗುತ್ತಾನೆ.

ಒಂದು ಸಂಜೆ ಅಣ್ಣನ ಎಡಕ್ಕೆ ಕುಳಿತು ನಾನು ಎರಡು ಸಲ ಕೂಗಿದರೂ ಅವನು ತಿರುಗಲಿಲ್ಲ. ಅದೇ ಎಡಗಡೆಯ ಬಾಗಿಲಲ್ಲಿ ಅವನ ಮೊಮ್ಮಗಳು ಹೊಸ್ತಿಲು ಎಡವಿ ಬಿದ್ದು ಅತ್ತಳು. ಅಣ್ಣನ ಕತ್ತು ಥಟ್ಟನೆ ಎಡಕ್ಕೆ ಹೊರಳಿತು! ವಾರಗಟ್ಟಲೆ ಇಲ್ಲದಿದ್ದ ದಿಕ್ಕು ಆ ಒಂದು ಕ್ಷಣ ಅವನಿಗೆ ಮರಳಿ ಬಂದಿತ್ತು. ನಾನು ಇದನ್ನು ಅಜ್ಜನ ಮಮತೆಯೆಂದಷ್ಟೇ ಬಗೆದಿದ್ದೆ. ಆದರೆ ಇಂಥ ರೋಗಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಇದನ್ನೇ ಕಂಡಿದ್ದಾರೆಂದು ಆಮೇಲೆ ಓದಿದೆ: ಮರೆತ ದಿಕ್ಕಿನಲ್ಲಿ ಸುಮ್ಮನಿರುವ ಮುಖವನ್ನು ಇಟ್ಟರೆ ರೋಗಿ ಅದನ್ನು ಗಮನಿಸದೆ ಹೋಗುವುದು ಹೆಚ್ಚು, ಕೋಪದ ಅಥವಾ ನಗೆಯ ಮುಖವನ್ನು ಇಟ್ಟರೆ ಗಮನಿಸುವುದು ಹೆಚ್ಚು. ಮಿದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗವುಂಟು. ನಮ್ಮ ಬಾಳಿಗೆ ಯಾವುದು ಮುಖ್ಯವೆಂದು ಅಳೆದು, ಅವಧಾನವನ್ನು ಆ ಕಡೆಗೆ ಸೆಳೆಯುವುದು ಅದರ ಕೆಲಸಗಳಲ್ಲೊಂದು. ಭಾವಕ್ಕೆ ತನ್ನದೇ ಆದ ದಾರಿಗಳಿವೆ. ಹೆದ್ದಾರಿ ಕುಸಿದಾಗ ಕಾಲುದಾರಿಯಿಂದ ಬರುತ್ತದೆ.

ಇದಕ್ಕೆ ಹೊಂದುವ ಇನ್ನೊಂದು ಸಾಕ್ಷ್ಯ ಅಮೆರಿಕದಿಂದ ಬಂದಿತು. 1960ರ ದಶಕದಲ್ಲಿ, ಮೂರ್ಛೆರೋಗ ಹತೋಟಿಗೆ ಬಾರದ ಕೆಲವರಿಗೆ ಎರಡು ಗೋಳಾರ್ಧಗಳ ನಡುವಿನ ಸೇತುವೆಯನ್ನೇ ಕತ್ತರಿಸಬೇಕಾಯಿತು. ರೋಜರ್ ಸ್ಪೆರಿ ಮತ್ತು ಅವರ ಸಂಗಡಿಗರು ಇವರನ್ನು ಪರೀಕ್ಷಿಸಿದರು. ಮಾತಿನ ಯಜಮಾನಿಕೆ ಸಾಮಾನ್ಯವಾಗಿ ಎಡ ಗೋಳಾರ್ಧದ್ದು. ಇದನ್ನು 1865ರಲ್ಲೇ ಪ್ಯಾರಿಸ್ಸಿನ ಬ್ರೋಕಾ ಸೂಚಿಸಿದ್ದರು. ಬಲ ಗೋಳಾರ್ಧಕ್ಕೆ ಮಾತ್ರ ಕಾಣುವಂತೆ ನಾಚಿಕೆ ತರಿಸುವ ಚಿತ್ರವನ್ನು ತೋರಿಸಿದಾಗ ರೋಗಿಯ ಮುಖ ಕೆಂಪಾಯಿತು, ನಗು ಬಂದಿತು. ಏಕೆಂದು ಕೇಳಿದರೆ ಕಾರಣ ಹೇಳಲು ತಿಳಿಯಲಿಲ್ಲ. ಚಿತ್ರ ಸೇತುವೆಯನ್ನು ದಾಟಲಿಲ್ಲ, ಭಾವ ದಾಟಿತ್ತು. ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅವರ ಶೋಧವನ್ನು ಜನ ಕಥೆ ಕಟ್ಟಿ, ಎಡಮಿದುಳು ಲೆಕ್ಕಿಗ, ಬಲಮಿದುಳು ಕವಿ ಎಂದು ಹಂಚಿಬಿಟ್ಟರು. ಹಾಗೆ ಭಾಗ ಮಾಡಲಾಗದು. ಕವಿತೆಯ ಪದವನ್ನು ಎಡಭಾಗ ಹೊಂದಿಸುವಾಗ ದನಿಯ ಏರಿಳಿತವನ್ನು ಬಲಭಾಗ ಹಿಡಿದಿರುತ್ತದೆ. ಭಯವೂ ಹರ್ಷವೂ ಎರಡು ಕಡೆಯಲ್ಲೂ ಸಂಚರಿಸುತ್ತವೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಇಷ್ಟು ಕಾಲದ ಮೇಲೆ ನಾನು ಕೊಡಬಲ್ಲ ಉತ್ತರವೆಂದರೆ, ದುಃಖಕ್ಕೆ ಒಂದು ಮನೆಯಿಲ್ಲ, ಓಡಾಡುವ ಹಾದಿಗಳಿವೆ ಎಂಬುದು.

ಭಾವವು ಅವಧಾನವನ್ನು ಕೆಡಿಸುವುದೂ ಉಂಟು. ಅದನ್ನು ಅಧ್ಯಾಪಕನಾದ ನಾನು ಮರೆಯಲಾರೆ. ಪರೀಕ್ಷೆಗೆ ಹೆದರಿದ ಹುಡುಗ ಪ್ರಶ್ನೆಯ ಮೊದಲ ಸಾಲನ್ನು ನಾಲ್ಕು ಸಲ ಓದುತ್ತಾನೆ, ಎರಡನೆಯದನ್ನು ಕಾಣುವುದೇ ಇಲ್ಲ. ಭಯ ದೃಷ್ಟಿಯನ್ನು ಕಿರಿದು ಮಾಡುತ್ತದೆ. ಶೋಕ ಅದನ್ನು ಒಳಕ್ಕೆ ಎಳೆಯುತ್ತದೆ. ಹೊಸೂರು ರಸ್ತೆಯ ಆ ಕೋಣೆಗಳಲ್ಲಿದ್ದವರು ಇದೇ ಸ್ಥಿತಿಯ ಪರಾಕಾಷ್ಠೆಯಲ್ಲಿದ್ದವರು. ಅವರ ನೋವನ್ನು ಕಣ್ಣಾರೆ ಕಂಡ ವೈದ್ಯ ಕೈಗೆ ಸಿಕ್ಕ ಆಯುಧವನ್ನು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಭಾವವನ್ನು ಪಳಗಿಸುವುದಕ್ಕೂ ಅದರ ಬೇರನ್ನು ಕೊಯ್ಯುವುದಕ್ಕೂ ಇರುವ ಅಂತರವನ್ನು ಅಂದಿನ ವೈದ್ಯಲೋಕ ಅರಿತದ್ದು ರೋಗಿಗಳು ತೆತ್ತ ಬೆಲೆಯಿಂದ.

ಗೋವಿಂದಸ್ವಾಮಿಯವರ ಜೀವನ ಇಲ್ಲಿಗೇ ನಿಂತಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮನೋವೈದ್ಯದಲ್ಲಿ ಶಿಕ್ಷಣ ಕೊಡುವ ಅಖಿಲ ಭಾರತ ಸಂಸ್ಥೆಯೊಂದು ಬೇಕೆಂದು ಭೋರ್ ಸಮಿತಿ ಸಲಹೆ ಮಾಡಿತ್ತು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವೂ ಮೈಸೂರು ಸರ್ಕಾರವೂ ಕೂಡಿ 1954ರಲ್ಲಿ ಅದನ್ನು ಬೆಂಗಳೂರಿನಲ್ಲಿ, ಈ ಆಸ್ಪತ್ರೆಯ ಮಗ್ಗುಲಲ್ಲೇ ಸ್ಥಾಪಿಸಿದವು. ಮೊದಲ ನಿರ್ದೇಶಕರು ಗೋವಿಂದಸ್ವಾಮಿಯವರು. 1955ರಲ್ಲಿ ತರಗತಿಗಳು ಆರಂಭವಾದಾಗ ಅಲ್ಲಿ ವೈದ್ಯರಿಗಾಗಿ ಮನೋವೈದ್ಯದ ಡಿಪ್ಲೊಮಾ ಒಂದಿದ್ದರೆ, ಅದರ ಪಕ್ಕದಲ್ಲೇ ಮನಶ್ಶಾಸ್ತ್ರ ಓದಿದವರಿಗಾಗಿ ಇನ್ನೊಂದು ಡಿಪ್ಲೊಮಾ ಇತ್ತು. ಸೂಜಿ, ಚೂರಿಗಳನ್ನು ಹಿಡಿಯದೆ, ರೋಗಿಯ ಎದುರು ಕುಳಿತು ಅವನ ಚಿತ್ತವನ್ನು ಪರೀಕ್ಷಿಸುವ, ಅವನ ಮಾತು ಕೇಳುವ ವಿದ್ಯಾವಂತರನ್ನು ತಯಾರು ಮಾಡುವ ವ್ಯವಸ್ಥೆ ಈ ದೇಶದಲ್ಲಿ ಹಾಗೆ ಮೊದಲಾಯಿತು. 1958ರಲ್ಲಿ ಆರ್. ಎಂ. ವರ್ಮಾ ಅವರ ನೇತೃತ್ವದಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವೂ ಸೇರಿತು. ಬಾಳಿನ ಪಟವನ್ನು ಬರೆಯಿಸುತ್ತಿದ್ದ ಮೇಯರರ ಶಿಷ್ಯನನ್ನು ನಾನು ಗುರುತಿಸುವುದು ಈ ಸಂಸ್ಥೆಯ ಸ್ವರೂಪದಲ್ಲಿ. ಮಿದುಳನ್ನು ಬಲ್ಲವರೂ ಮನಸ್ಸನ್ನು ಬಲ್ಲವರೂ ಒಂದೇ ಸೂರಿನಡಿ ಕಲೆಯಬೇಕೆಂಬುದು ಅದರ ತಳಹದಿ. ಎರಡು ಗೋಳಾರ್ಧಗಳ ನಡುವಣ ಆ ಸೇತುವೆಯನ್ನು ಅಂಗೈಯಲ್ಲಿ ಹಿಡಿದಿದ್ದ ನನಗೆ ಈ ಏರ್ಪಾಡು ಅದರ ನೆನಪನ್ನೇ ತರುತ್ತದೆ.

ಅವರ ಆಸಕ್ತಿ ಪಾಶ್ಚಾತ್ಯ ಶಾಸ್ತ್ರಕ್ಕೆ ಸೀಮಿತವಾಗಿರಲಿಲ್ಲ. ಭಾರತೀಯ ವೈದ್ಯಪದ್ಧತಿಗಳ ಹಾಗೂ ದರ್ಶನಗಳ ಇತಿಹಾಸವನ್ನು ಸಂಶೋಧನೆಯ ದೃಷ್ಟಿಯಿಂದ ಪರಿಶೀಲಿಸಬೇಕೆಂದು ಅವರು ಬರೆದರು. ಈ ಅಪೇಕ್ಷೆ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸಲಾರದು. ಭಾವ ಮತ್ತು ಅವಧಾನಗಳ ನಂಟನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದಿನಿಂದ ಚರ್ಚಿಸಿದ್ದಾರೆ; ಸ್ಥಾಯೀಭಾವವಿಲ್ಲದೆ ರಸವಿಲ್ಲ, ಸಹೃದಯನ ಚಿತ್ತ ತೊಡಗದೆ ಕಾವ್ಯವಿಲ್ಲ. ಅಷ್ಟಾವಧಾನದ ಸಭೆಯಲ್ಲಿ ಕುಳಿತವರೂ ಬಲ್ಲರು: ಎಂಟು ದಿಕ್ಕಿನಿಂದ ಪ್ರಶ್ನೆ ಬೀಳುವಾಗ ಅವಧಾನಿಯನ್ನು ಕಾಯುವುದು ಬರಿಯ ನೆನಪಿನ ಬಲವೊಂದೇ ಆಗಿರದು, ಗಾಬರಿಗೊಳ್ಳದ ಪ್ರಸನ್ನತೆಯೂ ಹೌದು. ಕಿವಿಗೊಡು, ಮನಗೊಡು ಎಂದು ನಮ್ಮ ಭಾಷೆ ಹೇಳುವಾಗ, ಲಕ್ಷ್ಯವೆಂಬುದು ಪ್ರೀತಿಯಿಂದ ಕೊಡುವ ವಸ್ತುವೆಂಬ ಅರಿವೂ ಅದರಲ್ಲಿ ಸೇರಿದೆ.

ಗೋವಿಂದಸ್ವಾಮಿಯವರು 1961ರಲ್ಲಿ, ಅರವತ್ತು ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೈನ್ ಎಂಬ ಔಷಧ ಲೋಕದೆಲ್ಲೆಡೆ ಲ್ಯೂಕಾಟಮಿಯನ್ನು ಹಿಂದಕ್ಕೆ ಸರಿಸಿತು. ನಮ್ಮ ನೆಲದ ಸರ್ಪಗಂಧದಿಂದ ತೆಗೆದ ರೆಸರ್ಪಿನ್ ಕೂಡ ಆ ದಶಕದಲ್ಲಿ ಮನೋವೈದ್ಯರ ಕೈಸೇರಿತು. ಅವರು ಕಟ್ಟಿದ ಸಂಸ್ಥೆಯೂ ಹಳೆಯ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 2012ರಲ್ಲಿ ಸಂಸತ್ತು ಅದಕ್ಕೆ ರಾಷ್ಟ್ರೀಯ ಪ್ರಾಮುಖ್ಯದ ಸ್ಥಾನವನ್ನು ಕೊಡುವ ಕಾನೂನು ಮಾಡಿತು. 2017ರ ಮಾನಸಿಕ ಆರೋಗ್ಯ ಶುಶ್ರೂಷೆಯ ಕಾನೂನಿನಂತೆ ಇಂದು ರೋಗಿಯ ತಿಳಿವಿನ ಒಪ್ಪಿಗೆಯೂ ಮಂಡಲಿಯ ಅನುಮತಿಯೂ ಇಲ್ಲದೆ ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆ ಮಾಡುವಂತಿಲ್ಲ.

ಇಂಥವರನ್ನು ನಾವು ಹೇಗೆ ಸ್ಮರಿಸಬೇಕು? ಲ್ಯೂಕಾಟಮಿಯ ಅಧ್ಯಾಯವನ್ನು ಹರಿದುಹಾಕಿ ಸಂಸ್ಥಾಪಕರೆಂದಷ್ಟೇ ಹಾಡಿ ಹೊಗಳುವುದು ಸುಲಭ. ಆ ಒಂದು ಅಧ್ಯಾಯವನ್ನೇ ಹಿಡಿದು ಹಳಿಯುವುದೂ ಸುಲಭ. ಎರಡೂ ಅರ್ಧ ತಟ್ಟೆಯ ಊಟ. ಆ ಪ್ರಬಂಧವನ್ನು ಬರೆದ ಕೈಯೇ ಹತ್ತು ವರ್ಷದ ಮೇಲೆ ಈ ವಿದ್ಯಾಲಯದ ಹೊಣೆಯನ್ನು ಹೊತ್ತಿತೆಂಬುದನ್ನು ಒಟ್ಟಿಗೆ ನೋಡುವುದು ಕಠಿನ. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸಬೇಕೆಂದು ನನಗೆ ತೋರುತ್ತದೆ.

ಅಣ್ಣ ಈಗಿಲ್ಲ. ಅವನ ಕೊನೆಯ ತಿಂಗಳುಗಳಲ್ಲಿ ಅತ್ತಿಗೆ ಒಂದು ಉಪಾಯ ಕಂಡುಕೊಂಡಿದ್ದಳು. ಊಟದ ಹೊತ್ತಿಗೆ ಮೊಮ್ಮಗಳನ್ನು ಅವನ ಎಡಕ್ಕೆ ಕೂರಿಸುತ್ತಿದ್ದಳು. ಮಗು ಏನಾದರೂ ಹರಟುತ್ತಿತ್ತು. ಅವನು ಅವಳ ಕಡೆ ತಿರುಗಿ, ತಿರುಗಿದಾಗ ತಟ್ಟೆಯ ಆ ಪಕ್ಕವನ್ನೂ ಕಂಡು, ಒಮ್ಮೊಮ್ಮೆ ಪೂರ್ತಿ ಊಟ ಮಾಡುತ್ತಿದ್ದ.